ಇಲಿಗೆ ಹುಳು ಹಿಡಿಯುತ್ತಿಲ್ಲವೇ? ಎಲ್ಲೆಲ್ಲಿ ಹುಡುಕಬೇಕು ಅಂತ ಇಲ್ಲಿದೆ

ಚಾಟಿಹುಳದ ಮೊಟ್ಟೆ ಕೊಟ್ಟ ಮೂವತ್ತೈದನೇ ದಿನ ಇಲಿಗಳ ಕರುಳು ತೆರೆದು ನೋಡಿದೆವು. ಮಾಮೂಲಿ ನೀರು ಕುಡಿದ ಇಲಿಗಳ ಕುರುಡುಕರುಳಿನಲ್ಲಿ, ಅಂದರೆ ದೊಡ್ಡಕರುಳಿನ ಶುರುವಿನ ಚೀಲದಲ್ಲಿ, ಚಾಟಿಹುಳುಗಳು ಕೂದಲೆಳೆಯ ಹಾಗೆ ಅಂಟಿಕೊಂಡಿದ್ದವು. ಆಂಟಿಬಯಾಟಿಕ್ ಬೆರೆಸಿದ ನೀರು ಕುಡಿದವುಗಳಲ್ಲಿ ಒಂದೂ ಇಲ್ಲ. ನಮಗೆ ಖುಷಿಯೋ ಖುಷಿ. ಬ್ಯಾಕ್ಟೀರಿಯಾ ಕಡಿಮೆಯಾದರೆ ಇಲಿಯ ರೋಗನಿರೋಧಕ ಶಕ್ತಿ ಹುಳವನ್ನು ಬೇಗ ಹೊರಗೆ ಹಾಕುತ್ತದೆ ಅಂತ ಬೋರ್ಡಿನ ಮೇಲೆ ಬಾಣಗಳನ್ನೆಲ್ಲ ಬರೆದು ಮುಗಿಸಿದೆವು. ಎರಡು ವಾರ ಆ ಬಾಣಗಳ ಹಿಂದೆ ಓಡಿದ ಮೇಲೆ ಯಾರೋ ರಕ್ತದ ಸೀರಮ್ ಪರೀಕ್ಷೆ ಮಾಡಿದರು. ಆ ಇಲಿಗಳು ಹುಳದ ಮುಖವನ್ನೇ ನೋಡಿರಲಿಲ್ಲ. ಹೊರಗೆ ಹಾಕುವುದಿರಲಿ, ಮೊಟ್ಟೆಯೇ ಒಡೆದಿರಲಿಲ್ಲ.

ಈ ಕೈಪಿಡಿ ಬರೆಯಲು ಆ ಎರಡು ವಾರವೇ ಕಾರಣ. ಹುಳು, ಕರುಳಿನ ಬ್ಯಾಕ್ಟೀರಿಯಾ, ರೋಗನಿರೋಧಕ ಶಕ್ತಿ ಈ ಮೂರನ್ನೂ ಒಟ್ಟಿಗೆ ನೋಡುವ ಪ್ರಯೋಗಕ್ಕೆ ಹೊಸದಾಗಿ ಬಂದವರಿಗೆ ಇದು. ನಾವು ಬಳಸುವುದು ಮುಖ್ಯವಾಗಿ ಎರಡು ಹುಳು. ಒಂದು ಇಲಿಯ ಚಾಟಿಹುಳು, ಟ್ರಿಕ್ಯುರಿಸ್ ಮ್ಯೂರಿಸ್. ಮನುಷ್ಯರ ಚಾಟಿಹುಳದ ಹತ್ತಿರದ ನೆಂಟ. ಇನ್ನೊಂದು ಹೆಲಿಗ್ಮೊಸೊಮಾಯ್ಡಿಸ್ ಪಾಲಿಗೈರಸ್. ಹೆಸರು ಬಾಯಿಗೆ ಬರುವುದಿಲ್ಲ ಅಂತ ಲ್ಯಾಬಿನಲ್ಲಿ ಎಲ್ಲರೂ ಎಚ್‌ಪಿ ಅನ್ನುತ್ತಾರೆ. ಮೊದಲನೆಯದು ಕುರುಡುಕರುಳಿನಲ್ಲಿ ಇರುತ್ತದೆ, ಎರಡನೆಯದು ಸಣ್ಣಕರುಳಿನ ಮೇಲ್ಭಾಗದಲ್ಲಿ. ಈ ಜಾಗದ ವ್ಯತ್ಯಾಸ ಮುಂದೆ ಕೆಲಸಕ್ಕೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ದೋಷ 1: ಹುಳುಗಳೇ ಇಲ್ಲ

ಎಲ್ಲಕ್ಕಿಂತ ಜಾಸ್ತಿ ಕಾಡುವ ದೋಷ ಇದೇ. ಚಾಟಿಹುಳದಲ್ಲಂತೂ ಇದಕ್ಕೆ ಎರಡು ತೀರಾ ಬೇರೆ ಬೇರೆ ಕಾರಣ ಇರಬಹುದು. ಹುಳು ಬಂದು ಹೋಗಿರಬಹುದು, ಇಲ್ಲವೇ ಬಂದೇ ಇರಲಿಕ್ಕಿಲ್ಲ. ಕರುಳು ತೆರೆದು ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಇದನ್ನು ಬಿಡಿಸಿಕೊಳ್ಳದೆ ಮುಂದೆ ಹೋಗಲೇಬೇಡಿ.

ಬಿಡಿಸುವ ಸುಲಭ ದಾರಿ ಸೀರಮ್. ಹುಳು ಹೊರಸೂಸುವ ಪ್ರೋಟೀನುಗಳನ್ನು ಪ್ಲೇಟಿಗೆ ಅಂಟಿಸಿ ಎಲೈಸಾ (ಸೀರಮ್ಮಿನ ಪ್ರತಿಕಾಯ ಅಳೆಯುವ ಪರೀಕ್ಷೆ) ಮಾಡಿ, ಐಜಿಜಿ1 ಎಂಬ ಪ್ರತಿಕಾಯ ಎಷ್ಟಿದೆ ನೋಡಿ. ಮೊಟ್ಟೆ ಒಡೆದು, ಮರಿ ಕರುಳಿನ ಗೋಡೆಗೆ ಹೊಕ್ಕು, ಆಮೇಲೆ ಇಲಿ ಅದನ್ನು ಹೊರಗೆ ಹಾಕಿದ್ದರೆ ಐಜಿಜಿ1 ಎದ್ದು ಕಾಣುತ್ತದೆ. ಮೊಟ್ಟೆ ಒಡೆಯದಿದ್ದರೆ ಹುಳು ಕೊಡದ ಇಲಿಯ ಸೀರಮ್ಮಿಗೂ ಇದಕ್ಕೂ ವ್ಯತ್ಯಾಸವೇ ಇರುವುದಿಲ್ಲ. ಅರ್ಧ ದಿನದ ಕೆಲಸ. ಇದನ್ನು ಮೊದಲೇ ಮಾಡಿದ್ದರೆ ನಮ್ಮ ಬಾಣಗಳು ಉಳಿಯುತ್ತಿದ್ದವು.

ಇನ್ನೊಂದು ದಾರಿ, ಗುಂಪಿನಲ್ಲಿ ಎರಡು ಮೂರು ಇಲಿಗಳನ್ನು 12-14ನೇ ದಿನಕ್ಕೇ ನೋಡಲು ಮೀಸಲಿಡುವುದು. ಆಗ ಮರಿಗಳು ತುಂಬಾ ಚಿಕ್ಕವು, ಗೋಡೆಯ ಜೀವಕೋಶಗಳ ಒಳಗೇ ಇರುತ್ತವೆ. ಬರಿಗಣ್ಣಿಗೆ ಸಿಗುವುದಿಲ್ಲ. ಕುರುಡುಕರುಳಿನ ಒಳಪದರವನ್ನು ಕೆರೆದು ತೆಗೆದು ಮೈಕ್ರೋಸ್ಕೋಪಿನ ಕೆಳಗೆ ತಾಳ್ಮೆಯಿಂದ ಎಣಿಸಬೇಕು. ಬೇಜಾರಿನ ಕೆಲಸ, ಆದರೆ ಹುಳು ಹಿಡಿದಿತ್ತೋ ಇಲ್ಲವೋ ಎಂಬ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ಇಲ್ಲ.

ಬಂದು ಹೋಗಿದೆ ಅಂತ ತಿಳಿದರೆ ಎರಡನೇ ದೋಷಕ್ಕೆ ಹೋಗಿ. ಬಂದೇ ಇಲ್ಲ ಅಂತಾದರೆ ಓದುತ್ತಾ ಹೋಗಿ.

*ಮೊದಲು ನೀರಿನ ಬಾಟಲಿ ನೋಡಿ.* ಚಾಟಿಹುಳದ ಮೊಟ್ಟೆ ನಿಂಬೆಹಣ್ಣಿನ ಆಕಾರದ್ದು, ಎರಡೂ ತುದಿಗೆ ಬಿರಡೆ ಇರುತ್ತದೆ. ಆ ಬಿರಡೆ ತಾನಾಗಿ ತೆರೆಯುವುದಿಲ್ಲ. 2010ರಲ್ಲಿ ಮ್ಯಾಂಚೆಸ್ಟರಿನ ತಂಡ ಇದನ್ನು ಚೆನ್ನಾಗಿ ತೋರಿಸಿತು. ಬ್ಯಾಕ್ಟೀರಿಯಾ ಬಂದು ಬಿರಡೆಗೆ ಅಂಟಿಕೊಳ್ಳಬೇಕು, ಜೊತೆಗೆ ಮೈಯ ಬಿಸಿ, ಅಂದರೆ 37 ಡಿಗ್ರಿ ಇರಬೇಕು. ಎರಡೂ ಕೂಡಿದರೆ ಮಾತ್ರ ಮರಿ ಹೊರಗೆ ಬರುತ್ತದೆ. ಇ. ಕೋಲಿ ತನ್ನ ಮೈಮೇಲಿನ ಫಿಂಬ್ರಿಯಾ ಎಂಬ ಸಣ್ಣ ರೋಮಗಳಿಂದ ಬಿರಡೆಯನ್ನು ಹಿಡಿದುಕೊಳ್ಳುತ್ತದೆ. ಮ್ಯಾನೋಸ್ ಸಕ್ಕರೆ ಹಾಕಿದರೆ ಆ ಹಿಡಿತ ತಪ್ಪಿ ಮೊಟ್ಟೆ ಒಡೆಯುವುದು ಕಡಿಮೆಯಾಗುತ್ತದೆ. ಇಲಿಗೆ ಆಂಟಿಬಯಾಟಿಕ್ ಕೊಟ್ಟು ಕರುಳಿನ ಬ್ಯಾಕ್ಟೀರಿಯಾ ಇಳಿಸಿದಾಗ ಅದೇ ತಂಡಕ್ಕೆ ಹುಳುಗಳೂ ಕಡಿಮೆ ಸಿಕ್ಕವು. ನಾವು ಇದನ್ನು ಓದಿರಲಿಲ್ಲ ಅಂತಲ್ಲ. ಓದಿದ್ದೆವು. ನಮ್ಮ ಪ್ರಯೋಗಕ್ಕೆ ಅದು ತಗಲುತ್ತದೆ ಅಂತ ಹೊಳೆಯಲಿಲ್ಲ, ಅಷ್ಟೇ.

ಹಾಗಾಗಿ ಆಂಟಿಬಯಾಟಿಕ್ ಮೊದಲು, ಮೊಟ್ಟೆ ಆಮೇಲೆ ಎಂಬ ಕ್ರಮದಲ್ಲಿ ಚಾಟಿಹುಳದ ಪ್ರಯೋಗ ಮಾಡಿದರೆ ನೀವು ಅಳೆಯುತ್ತಿರುವುದು ರೋಗನಿರೋಧಕ ಶಕ್ತಿಯನ್ನಲ್ಲ, ಬಾಗಿಲು ತೆರೆಯಿತೋ ಇಲ್ಲವೋ ಎಂಬುದನ್ನು. ಕ್ರಮ ತಿರುಗಿಸಿ. ಮೊದಲು ಮೊಟ್ಟೆ ಕೊಡಿ, ಮರಿ ಗೋಡೆಗೆ ಹೊಕ್ಕ ಮೇಲೆ ಆಂಟಿಬಯಾಟಿಕ್ ಶುರು ಮಾಡಿ. ಇದೂ ಪೂರ್ತಿ ಶುದ್ಧವಾದ ದಾರಿಯೇನಲ್ಲ, ಯಾಕೆಂದರೆ ಚಾಟಿಹುಳದ ಹೊಟ್ಟೆಯಲ್ಲೂ ಬ್ಯಾಕ್ಟೀರಿಯಾ ಇರುತ್ತವೆ, ಅವೂ ಇಲಿಯ ಕರುಳಿನಿಂದಲೇ ಪಡೆದವು. ನೀವು ಇಲಿಗೆ ಕೊಟ್ಟ ಔಷಧಿ ಹುಳದ ಹೊಟ್ಟೆಗೂ ಹೋಗುತ್ತದೆ. ಆದರೂ ಮೊದಲ ಕ್ರಮಕ್ಕಿಂತ ಎಷ್ಟೋ ವಾಸಿ.

*ಆಮೇಲೆ ಮೊಟ್ಟೆಯನ್ನೇ ಪರೀಕ್ಷಿಸಿ.* ಹೊರಬಂದ ಮೊಟ್ಟೆ ಒಳಗೆ ಮರಿಯಾಗಿ ಬೆಳೆಯಲು ಕತ್ತಲಲ್ಲಿ, ಕೋಣೆಯ ಬಿಸಿಯಲ್ಲಿ ಸುಮಾರು ಎರಡು ತಿಂಗಳು ಬೇಕು. ಅವಸರ ಮಾಡಿ ಫ್ರಿಜ್ಜಿಗೆ ಹಾಕಿದ ಮೊಟ್ಟೆ ಕೆಲಸಕ್ಕೆ ಬರುವುದಿಲ್ಲ. ಪರೀಕ್ಷೆ ಸುಲಭ. ಇ. ಕೋಲಿಯನ್ನು ಅಲ್ಲಾಡಿಸದೆ ರಾತ್ರಿಯಿಡೀ ಬೆಳೆಸಿ. ಅಲ್ಲಾಡಿಸದೆ ಬೆಳೆದದ್ದಕ್ಕೆ ಫಿಂಬ್ರಿಯಾ ಜಾಸ್ತಿ ಬರುತ್ತದೆ. ಒಂದು ಟ್ಯೂಬಿನಲ್ಲಿ ಮೊಟ್ಟೆ ಮತ್ತು ಬ್ಯಾಕ್ಟೀರಿಯಾ, ಇನ್ನೊಂದರಲ್ಲಿ ಮೊಟ್ಟೆ ಮತ್ತು ಬರೀ ಮಾಧ್ಯಮ. ಎರಡನ್ನೂ 37 ಡಿಗ್ರಿಯಲ್ಲಿಟ್ಟು ಎರಡು ಗಂಟೆಗೊಮ್ಮೆ ಹನಿ ತೆಗೆದು ನೋಡುತ್ತಾ ಹೋಗಿ. ಮೊದಲನೆಯದರಲ್ಲಿ ಖಾಲಿ ಚಿಪ್ಪು, ಹರಿದಾಡುವ ಮರಿ ಕಂಡರೆ ಮೊಟ್ಟೆ ಸರಿಯಿದೆ, ತಪ್ಪು ಇಲಿಯ ಕಡೆ. ಎರಡರಲ್ಲೂ ಏನೂ ಇಲ್ಲದಿದ್ದರೆ ಆ ಬ್ಯಾಚ್ ಚೆಲ್ಲಿ.

*ಚೀಲದ ಲೇಬಲ್ ಓದಿ.* ಇದನ್ನು ಓದಿ ನಗಬೇಡಿ. ಪ್ರಾಣಿಮನೆಗಳಲ್ಲಿ ಸೂಜಿಹುಳದ ಕಾಟ ಬಂದಾಗ ಫೆನ್‌ಬೆಂಡಜೋಲ್ ಬೆರೆಸಿದ ತಿಂಡಿ ಹಾಕುವುದು ವಾಡಿಕೆ, ಸಾಮಾನ್ಯವಾಗಿ 150 ಪಿಪಿಎಂ. ಅದು ಸೂಜಿಹುಳದ ಜೊತೆ ನಿಮ್ಮ ಹುಳವನ್ನೂ ಮುಗಿಸುತ್ತದೆ. ಇಲಿ ನೋಡಿಕೊಳ್ಳುವವರಿಗೆ ಹುಳು ಅಂದರೆ ಓಡಿಸಬೇಕಾದ್ದು, ನಿಮಗೆ ಅದು ಸಾಕಬೇಕಾದ್ದು. ಇಬ್ಬರೂ ತಮ್ಮ ತಮ್ಮ ಕೆಲಸ ಸರಿಯಾಗಿಯೇ ಮಾಡುತ್ತಿರುತ್ತಾರೆ. ಹೋಗಿ ಕೇಳಿ, "ಅಣ್ಣಾ, ಈ ತಿಂಗಳು ತಿಂಡಿ ಬದಲಾಯ್ತಾ?" ಅಂತ. ಈ ಒಂದು ಪ್ರಶ್ನೆ ಎಷ್ಟೋ ಎಲೈಸಾ ಉಳಿಸುತ್ತದೆ.

*ಡೋಸ್ ಕೊಟ್ಟ ಕೈ.* ಎಚ್‌ಪಿ ಮರಿಗಳು ನೀರಿನಲ್ಲಿ ಬೇಗ ತಳ ಸೇರುತ್ತವೆ. ಟ್ಯೂಬ್ ಅಲ್ಲಾಡಿಸದೆ ಸಾಲಾಗಿ ಹತ್ತು ಇಲಿಗೆ ಕೊಟ್ಟರೆ ಕೆಲವಕ್ಕೆ ಬರೀ ನೀರು, ಕೆಲವಕ್ಕೆ ಹುಳದ ಪಾಯಸ. ಪ್ರತಿ ಇಲಿಗೂ ಮುಂಚೆ ಅಲ್ಲಾಡಿಸಿ. ಪಂಜರದ ಸಾಲಿನಂತೆ ಹುಳದ ಸಂಖ್ಯೆ ಏರುತ್ತಲೋ ಇಳಿಯುತ್ತಲೋ ಹೋಗಿದ್ದರೆ ದೋಷ ಇಲ್ಲೇ ಇದೆ.

*ಎರಡನೇ ಸಲ ಕೊಟ್ಟಾಗ ಮಾತ್ರ ಹಿಡಿಯುತ್ತಿಲ್ಲವೇ?* ಹಾಗಿದ್ದರೆ ಅದು ದೋಷವಲ್ಲದೆಯೂ ಇರಬಹುದು. ಒಳಗೆ ಆಗಲೇ ಸೇರಿರುವ ಚಾಟಿಹುಳು ಕರುಳಿನ ಬ್ಯಾಕ್ಟೀರಿಯಾಗಳನ್ನು ಬದಲಾಯಿಸುತ್ತದೆ. ಬದಲಾದ ಆ ಬ್ಯಾಕ್ಟೀರಿಯಾಗಳ ನಡುವೆ ಹೊಸ ಮೊಟ್ಟೆಗಳು ಸರಿಯಾಗಿ ಒಡೆಯುವುದಿಲ್ಲ. ಇದು 2018ರಲ್ಲಿ ಹೊರಬಂದ ವಿಷಯ, ಅದೂ ಮ್ಯಾಂಚೆಸ್ಟರಿನಿಂದಲೇ. ಮನೆ ತುಂಬಿದೆ ಅಂತ ಒಳಗಿದ್ದವರೇ ಬಾಗಿಲು ಹಾಕಿಕೊಂಡ ಹಾಗೆ. ಇದನ್ನು ಇಲಿಗೆ ಬಂದ ರೋಗನಿರೋಧಕ ಶಕ್ತಿ ಅಂತ ಬರೆದುಬಿಟ್ಟರೆ ನಮ್ಮ ಬಾಣಗಳ ಕಥೆ ಮತ್ತೆ ಶುರು.

ದೋಷ 2: ಹೋಗಬೇಕಾದ ಹುಳು ಹೋಗುತ್ತಿಲ್ಲ, ಇರಬೇಕಾದದ್ದು ಇರುತ್ತಿಲ್ಲ

ಸಿ57 ಎಂಬ ತಳಿಯ ಕಪ್ಪು ಇಲಿಗೆ ಸುಮಾರು 200 ಚಾಟಿಹುಳು ಮೊಟ್ಟೆ ಕೊಟ್ಟರೆ ಮೂರು ವಾರದ ಹೊತ್ತಿಗೆ ಬಹುಪಾಲು ಹೊರಗೆ ಹೋಗಿರಬೇಕು. ಟಿಎಚ್2 ಎಂಬ ರೋಗನಿರೋಧಕ ಕೋಶಗಳು ಐಎಲ್-13 ಎಂಬ ಸಂದೇಶದ ಪ್ರೋಟೀನು ಸುರಿಸುತ್ತವೆ. ಕರುಳಿನ ಗೋಡೆಯ ಕೋಶಗಳು ಬೇಗ ಬೇಗ ಹುಟ್ಟಿ ಮೇಲಕ್ಕೆ ಸರಿಯುತ್ತವೆ, ಲೋಳೆ ಹೆಚ್ಚುತ್ತದೆ, ಗೋಡೆಯಲ್ಲಿ ಹೂತಿದ್ದ ಮರಿಗಳು ಕೋಶಗಳ ಸಮೇತ ಉದುರುತ್ತವೆ. ಅದೇ ಇಲಿಗೆ ಬರೀ 20 ಮೊಟ್ಟೆ ಕೊಟ್ಟರೆ ಇಲಿಯ ರೋಗನಿರೋಧಕ ಉತ್ತರ ಟಿಎಚ್1 ಎಂಬ ಬೇರೆ ಬಗೆಯ ಕೋಶಗಳ ಕಡೆ ವಾಲುತ್ತದೆ, ಹುಳು ಆರಾಮಾಗಿ ಉಳಿದುಬಿಡುತ್ತದೆ. ಅಂದರೆ ಎಣಿಕೆಯಲ್ಲಿ ತಪ್ಪಿದರೆ ಹುಳದ ಸಂಖ್ಯೆ ಮಾತ್ರ ಬದಲಾಗುವುದಿಲ್ಲ, ಇಡೀ ಪ್ರಯೋಗದ ದಿಕ್ಕೇ ಬದಲಾಗುತ್ತದೆ. ಎಕೆಆರ್ ತಳಿಯಂತೂ ಎಷ್ಟು ಕೊಟ್ಟರೂ ಹೊರಗೆ ಹಾಕುವುದಿಲ್ಲ. ಪಂಜರದ ಚೀಟಿಯಲ್ಲಿ ತಳಿ ಸರಿಯಾಗಿದೆಯಾ ನೋಡಿ.

ಡೋಸ್, ತಳಿ ಎರಡೂ ಸರಿಯಿದ್ದು ಹುಳು ಉಳಿದಿದ್ದರೆ ತಿಂಡಿಯ ಕಡೆ ತಿರುಗಿ. ಇನುಲಿನ್ ಎಂಬ ನಾರು ಗೊತ್ತಲ್ವಾ, ಬ್ಯಾಕ್ಟೀರಿಯಾಗಳಿಗೆ ಒಳ್ಳೆಯದು ಅಂತ ಡಬ್ಬಿಯಲ್ಲಿ ಮಾರುತ್ತಾರಲ್ಲ, ಅದೇ. ಶುದ್ಧೀಕರಿಸಿದ ತಿಂಡಿಗೆ ಇನುಲಿನ್ ಬೆರೆಸಿ ಕೊಟ್ಟಾಗ, ಸಾಮಾನ್ಯವಾಗಿ ಹುಳು ಹೊರಹಾಕುವ ಇಲಿಗಳೂ ಚಾಟಿಹುಳವನ್ನು ಉಳಿಸಿಕೊಂಡವು, ಅವುಗಳ ಉತ್ತರ ಟಿಎಚ್1 ಕಡೆ ವಾಲಿತು. ಅಜ್ಜಿಯರು ನಾರಿನ ಪದಾರ್ಥ ತಿನ್ನು ಅಂತ ಹೇಳುವುದು ಸುಳ್ಳಲ್ಲ, ಆದರೆ ಹುಳು ಒಳಗಿರುವಾಗ ಲೆಕ್ಕ ಬೇರೆ. ನಿಮಗೆ ಬೇಕಾದ್ದು ಇಷ್ಟೇ: ಪ್ರಯೋಗದ ಮಧ್ಯೆ ತಿಂಡಿಯ ಕಂಪನಿ ಬದಲಾಯಿಸಬೇಡಿ, ಒಂದೇ ಬ್ಯಾಚಿನ ಚೀಲ ಎತ್ತಿಡಿ.

ಎಚ್‌ಪಿಯಲ್ಲಿ ಬ್ಯಾಕ್ಟೀರಿಯಾ ಇನ್ನೊಂದು ಥರ ಆಟ ಆಡುತ್ತದೆ. ಈ ಹುಳು ಹೊಕ್ಕ ಕಪ್ಪು ಇಲಿಗಳ ಸಣ್ಣಕರುಳಿನಲ್ಲಿ ಲ್ಯಾಕ್ಟೋಬ್ಯಾಸಿಲಸ್ ಗುಂಪು ಏರುತ್ತದೆ. ತಿರುಗಿಸಿ ನೋಡಿದರೆ, ಹುಳವನ್ನು ಸ್ವಲ್ಪ ಮಟ್ಟಿಗೆ ತಡೆಯಬಲ್ಲ ಬಾಲ್ಬ್ ಸಿ ತಳಿಯ ಇಲಿಗಳಿಗೆ ಲ್ಯಾಕ್ಟೋಬ್ಯಾಸಿಲಸ್ ತೈವಾನೆನ್ಸಿಸ್ ಕೊಟ್ಟಾಗ ಹುಳು ಜಾಸ್ತಿ ಉಳಿದವು. ಹುಳು ಬ್ಯಾಕ್ಟೀರಿಯಾವನ್ನು ಬೆಳೆಸುತ್ತದೆ, ಬ್ಯಾಕ್ಟೀರಿಯಾ ಹುಳವನ್ನು ಉಳಿಸುತ್ತದೆ. ಕೊಡು-ಕೊಳ್ಳು ವ್ಯವಹಾರ. ಇದರ ಮೇಲೆ ಎಚ್‌ಪಿ ತಾನೇ ಪ್ರೋಟೀನು ಸುರಿಸಿ ಇಲಿಯ ಸೈನ್ಯವನ್ನು ಮಲಗಿಸುತ್ತದೆ. ಒಂದು ಪ್ರೋಟೀನು, ಆ ಸೈನ್ಯವನ್ನು ತಣ್ಣಗಾಗಿಸುವ ಟಿಜಿಎಫ್-ಬೀಟಾ ಎಂಬ ಇಲಿಯದೇ ಪ್ರೋಟೀನಿನ ವೇಷ ಹಾಕುತ್ತದೆ. ಇನ್ನೊಂದು, ಅಪಾಯದ ಗಂಟೆ ಬಾರಿಸುವ ಐಎಲ್-33ನ್ನು ಹಿಡಿದು ಕಟ್ಟಿಹಾಕುತ್ತದೆ. ಹಾಗಾಗಿ ಸೈನ್ಯಕ್ಕೆ ಕಡಿವಾಣ ಹಾಕುವ ರೆಗ್ಯುಲೇಟರಿ ಟಿ ಕೋಶ ಏರಿದ್ದು ಕಂಡ ತಕ್ಷಣ ಬ್ಯಾಕ್ಟೀರಿಯಾದ ಕೆಲಸ ಅಂತ ಹೇಳಬೇಡಿ. ಹುಳದ ವೇಷವೂ ಅದೇ ಗುರುತು ಬಿಡುತ್ತದೆ.

ದೋಷ 3: ಹುಳು ಕೊಡದ ಇಲಿಯಲ್ಲೇ ಉತ್ತರ ಬರುತ್ತಿದೆ

ಸಣ್ಣಕರುಳಿನ ತೆಳು ಪದರಕ್ಕೆ ಡಿಸಿಎಲ್‌ಕೆ1 ಎಂಬ ಪ್ರೋಟೀನಿಗೆ ಅಂಟುವ ಆಂಟಿಬಾಡಿಯಿಂದ ಬಣ್ಣ ಹಾಕಿ ಟಫ್ಟ್ ಕೋಶ (ಕರುಳಿನ ಗೋಡೆಯಲ್ಲಿ ಹುಳದ ಸುಳಿವು ಹಿಡಿಯುವ ಕೋಶ) ಎಣಿಸುತ್ತೀರಿ. ಸುಮ್ನೆ ಇರಬೇಕಾದ ಕಂಟ್ರೋಲ್ ಇಲಿಯಲ್ಲಿ ಅವು ಎಲ್ಲೆಂದರಲ್ಲಿ ಮಿನುಗುತ್ತಿವೆ. ಮಾಮೂಲಿಯಾಗಿ ಇವು ನೂರು ಕೋಶಕ್ಕೆ ಒಂದು ಕೂಡ ಇರುವುದಿಲ್ಲ. ಆಂಟಿಬಾಡಿ ಕೆಟ್ಟಿದೆ ಅಂತ ಹೊಸದು ತರಿಸುವ ಮುಂಚೆ ಕುರುಡುಕರುಳಿನ ಒಂದು ಹನಿಯನ್ನು ಬೆಚ್ಚಗಿನ ಪಿಬಿಎಸ್ ಉಪ್ಪುದ್ರಾವಣದಲ್ಲಿ ಸ್ಲೈಡಿಗೆ ಹಾಕಿ ನೋಡಿ. ಬಾಲ ಬೀಸುತ್ತಾ ಗಿರಗಿರ ತಿರುಗುವ ಜೀವಿಗಳು ಕಂಡವೇ? ಅವು ಟ್ರೈಟ್ರೈಕೊಮೊನಾಸ್. ಬ್ಯಾಕ್ಟೀರಿಯಾ ಅಲ್ಲ, ಹುಳವೂ ಅಲ್ಲ, ಏಕಕೋಶದ ಬಾಡಿಗೆದಾರ. ಎಷ್ಟೋ ಇಲಿಮನೆಗಳಲ್ಲಿ ಇದು ಯಾರಿಗೂ ಗೊತ್ತಿಲ್ಲದೆ ಇರುತ್ತದೆ, ಇಲಿಗೆ ಕಾಯಿಲೆಯನ್ನೂ ತರುವುದಿಲ್ಲ.

ಟಫ್ಟ್ ಕೋಶಗಳ ಕೆಲಸ ಹೊರಬಂದದ್ದು 2016ರಲ್ಲಿ, ಮೂರು ತಂಡಗಳಿಂದ ಹೆಚ್ಚುಕಡಿಮೆ ಒಟ್ಟಿಗೆ. ಹುಳು ಬಂದಾಗ ಇವು ಐಎಲ್-25 ಬಿಡುತ್ತವೆ. ಅದರಿಂದ ಐಎಲ್‌ಸಿ2 ಎಂಬ ರೋಗನಿರೋಧಕ ಕೋಶಗಳು ಎದ್ದು ಐಎಲ್-13 ಬಿಡುತ್ತವೆ. ಐಎಲ್-13 ಬಂದರೆ ಟಫ್ಟ್ ಕೋಶಗಳೇ ಇನ್ನಷ್ಟು ಹೆಚ್ಚುತ್ತವೆ. ಟ್ರೈಟ್ರೈಕೊಮೊನಾಸ್ ಇದೇ ಸರಪಳಿಯನ್ನು ಎಳೆಯುತ್ತದೆ. ಅದು ಬಿಡುವ ಸಕ್ಸಿನೇಟ್ ಎಂಬ ರಾಸಾಯನಿಕವನ್ನು ಟಫ್ಟ್ ಕೋಶದ ಮೇಲಿರುವ ರಿಸೆಪ್ಟರ್ ಗುರುತಿಸುತ್ತದೆ. ತಮಾಷೆ ಅಂದರೆ, ಆ ರಿಸೆಪ್ಟರ್ ಇಲ್ಲದ ಇಲಿಗಳೂ ನಿಪ್ಪೊಸ್ಟ್ರಾಂಜೈಲಸ್ ಎಂಬ ಇನ್ನೊಂದು ಕರುಳಿನ ಹುಳವನ್ನು ಸರಿಯಾಗಿಯೇ ಹೊರಹಾಕುತ್ತವೆ. ಹಾಗಾದರೆ ಹುಳವನ್ನು ಗುರುತಿಸುವ ದಾರಿ ಬೇರೆಯೇ ಇದೆ.

ಇಲ್ಲೇ ದೊಡ್ಡ ಗುಂಡಿ ಇರುವುದು. ಬ್ಯಾಕ್ಟೀರಿಯಾ ಇಳಿಸಲು ಎಲ್ಲರೂ ಬಳಸುವ ಮಿಶ್ರಣ ಹೀಗಿರುತ್ತದೆ: ಲೀಟರಿಗೆ ಒಂದೊಂದು ಗ್ರಾಂ ಆಂಪಿಸಿಲಿನ್, ನಿಯೊಮೈಸಿನ್, ಮೆಟ್ರೊನಿಡಜೋಲ್, ಅರ್ಧ ಗ್ರಾಂ ವ್ಯಾಂಕೊಮೈಸಿನ್. ಇದರಲ್ಲಿ ಮೆಟ್ರೊನಿಡಜೋಲ್ ಟ್ರೈಟ್ರೈಕೊಮೊನಾಸನ್ನೂ ಕೊಲ್ಲುತ್ತದೆ. ಟಫ್ಟ್ ಕೋಶ ಇಳಿದದ್ದನ್ನು ನೋಡಿ "ಬ್ಯಾಕ್ಟೀರಿಯಾ ಹೋಯಿತು, ಟಫ್ಟ್ ಹೋಯಿತು" ಅಂತ ಬರೆದರೆ ತಪ್ಪು ಆರೋಪಿಗೆ ಶಿಕ್ಷೆ ಆದ ಹಾಗೆ. ಮೆಟ್ರೊನಿಡಜೋಲ್ ಇಲ್ಲದ ಒಂದು ಗುಂಪು ಇಟ್ಟುಕೊಳ್ಳಿ. ಅಂದ ಹಾಗೆ ಅದು ಭಯಂಕರ ಕಹಿ. ಇಲಿ ನೀರು ಕುಡಿಯುವುದನ್ನೇ ಬಿಡುತ್ತದೆ, ತೂಕ ಇಳಿಯುತ್ತದೆ. ಬಾಟಲಿ ತೂಕ ಮಾಡಿ ಎಷ್ಟು ಕುಡಿದಿದೆ ಅಂತ ಬರೆದಿಡಿ, ಇಲ್ಲದಿದ್ದರೆ ಬಾಯಾರಿಕೆಯ ಪರಿಣಾಮವನ್ನು ಬ್ಯಾಕ್ಟೀರಿಯಾದ ತಲೆಗೆ ಕಟ್ಟುತ್ತೀರಿ.

ಸ್ಲೈಡಿನಲ್ಲಿ ಏನೂ ಕಾಣದಿದ್ದರೆ ಸೂಜಿಹುಳ ನೋಡಿ. ಸೈಫೇಸಿಯಾ ಜಾತಿಗೆ ಗುದದ ಹತ್ತಿರ ಸೆಲ್ಲೊಟೇಪ್ ಅಂಟಿಸಿ ತೆಗೆದು ಸ್ಲೈಡಿಗೆ ಹಚ್ಚಿದರೆ ಸಾಕು, ಮೊಟ್ಟೆ ಸಿಗುತ್ತದೆ. ಆಸ್ಪಿಕ್ಯುಲುರಿಸ್ ಅಲ್ಲಿ ಮೊಟ್ಟೆ ಇಡುವುದಿಲ್ಲ. ಅದಕ್ಕೆ ಹಿಕ್ಕೆಯನ್ನೇ ಉಪ್ಪುನೀರಿನಲ್ಲಿ ತೇಲಿಸಿ ನೋಡಬೇಕು. ಬರೀ ಟೇಪ್ ಪರೀಕ್ಷೆ ಮಾಡಿ ನಮ್ಮಲ್ಲಿ ಸೂಜಿಹುಳ ಇಲ್ಲ ಅನ್ನುವವರು ಈ ಎರಡನೆಯದಕ್ಕೆ ಮೋಸ ಹೋಗುತ್ತಾರೆ.

ದೋಷ 4: ಬ್ಯಾಕ್ಟೀರಿಯಾ ಬದಲಾಗಿದೆ, ಆದರೆ ಹುಳದಿಂದಲೇ ಅಂತ ಹೇಳಲು ಧೈರ್ಯವಿಲ್ಲ

ಇಲಿಗಳು ಒಂದರ ಹಿಕ್ಕೆ ಒಂದು ತಿನ್ನುತ್ತವೆ. ಹಾಗಾಗಿ ಒಂದೇ ಪಂಜರದ ಐದು ಇಲಿಗಳು ಬ್ಯಾಕ್ಟೀರಿಯಾ ಲೆಕ್ಕದಲ್ಲಿ ಐದಲ್ಲ, ಹೆಚ್ಚುಕಡಿಮೆ ಒಂದೇ. ಹುಳು ಕೊಟ್ಟ ಐದು ಒಂದು ಪಂಜರದಲ್ಲಿ, ಕೊಡದ ಐದು ಇನ್ನೊಂದರಲ್ಲಿ ಇದ್ದರೆ ನಿಮ್ಮ ಸುಂದರ ಚಿತ್ರ ಎರಡು ಪಂಜರಗಳ ವ್ಯತ್ಯಾಸ ಮಾತ್ರ ತೋರಿಸುತ್ತಿರಬಹುದು. ಗುಂಪಿಗೆ ಹಲವು ಪಂಜರ ಇರಲಿ. ಶುರುವಿಗೆ ಎರಡು ವಾರ ಪಂಜರಗಳಲ್ಲಿ ಹಾಸಿದ ಹೊಟ್ಟನ್ನು ಅದಲುಬದಲು ಮಾಡಿ. ಹುಳು ಕೊಡುವ ಮುಂಚಿನ ದಿನದ ಹಿಕ್ಕೆಯನ್ನು ತಪ್ಪದೆ ಎತ್ತಿಡಿ. ಇಲಿ ತಂದ ಮಾರಾಟಗಾರ ಬೇರೆಯಾದರೂ ಇದೇ ತೊಂದರೆ. ಒಂದೇ ತಳಿಯ ಇಲಿಗಳು, ಎರಡು ಕಡೆಯಿಂದ ಬಂದವು, ಒಂದು ಕಡೆಯವುಗಳಲ್ಲಿ ದಾರದಂಥ ಎಸ್‌ಎಫ್‌ಬಿ ಬ್ಯಾಕ್ಟೀರಿಯಾ ಇದೆ, ಇನ್ನೊಂದರಲ್ಲಿ ಇಲ್ಲ. ಅಷ್ಟರಿಂದಲೇ ಟಿಎಚ್17 ಎಂಬ ಮತ್ತೊಂದು ಬಗೆಯ ರೋಗನಿರೋಧಕ ಕೋಶಗಳು ಏರಿದ್ದು 2009ರಲ್ಲೇ ಗೊತ್ತಾಗಿತ್ತು.

ಹಿಕ್ಕೆ ಸುಲಭವಾಗಿ ಸಿಗುತ್ತದೆ ಅಂತ ಎಲ್ಲರೂ ಹಿಕ್ಕೆಯನ್ನೇ 16ಎಸ್ ಪರೀಕ್ಷೆಗೆ (ಯಾವ ಬ್ಯಾಕ್ಟೀರಿಯಾ ಇವೆ ಅಂತ ಡಿಎನ್‌ಎಯಿಂದ ಓದುವುದು) ಕಳಿಸುತ್ತಾರೆ. ಚಾಟಿಹುಳಕ್ಕೆ ಅದು ನಡೆಯುತ್ತದೆ. ಆದರೆ ಎಚ್‌ಪಿ ಕುಳಿತಿರುವುದು ಹೊಟ್ಟೆಯ ಪಕ್ಕದ ಮೊದಲ ಗೇಣಿನಲ್ಲಿ, ನೀವು ನೋಡುತ್ತಿರುವುದು ಕೊನೆಯ ಬಾಗಿಲಲ್ಲಿ. ಸಣ್ಣಕರುಳಿನ ತುಂಡನ್ನೇ ತೆಗೆಯಿರಿ. ಅಲ್ಲಿ ಬ್ಯಾಕ್ಟೀರಿಯಾ ಕಡಿಮೆ, ಹಾಗಾಗಿ ಕಿಟ್ಟಿನ ಕಲ್ಮಶ ಎದ್ದು ಕಾಣುತ್ತದೆ. ಏನೂ ಹಾಕದ ಖಾಲಿ ಟ್ಯೂಬನ್ನೂ ಜೊತೆಗೆ ಕಳಿಸಿ.

ಹುಳು ತೆಗೆದು ಬ್ಯಾಕ್ಟೀರಿಯಾ ಮರಳಿ ಬರುತ್ತದಾ ಅಂತ ನೋಡುವವರು ಹುಳು ಇಲ್ಲದ ಇಲಿಗೂ ಅದೇ ಮಾತ್ರೆ ಕೊಡಬೇಕು. ಮನುಷ್ಯರಲ್ಲಿ ಇದು ಇನ್ನೂ ಕಷ್ಟ, ಆದರೂ ಮಾಡಿದವರಿದ್ದಾರೆ. 2016ರ ಒಂದು ಕೆಲಸದಲ್ಲಿ ಬ್ಯಾಕ್ಟೀರಿಯಾ ಗುರುತಿಸಲು ಬೇಕಾದ ನಾಡ್2 ಜೀನ್ ಇಲ್ಲದ ಇಲಿಗಳಿಗೆ ಹುಳು ಕೊಟ್ಟರು. ಐಎಲ್-13ರಿಂದ ಲೋಳೆ ಹೆಚ್ಚಿ, ಕ್ಲಾಸ್ಟ್ರಿಡಿಯೇಲ್ಸ್ ಗುಂಪು ಏರಿ, ಕಾಟ ಕೊಡುವ ಬ್ಯಾಕ್ಟೀರಾಯ್ಡಿಸ್ ವಲ್ಗೇಟಸ್ ಇಳಿಯಿತು. ಅದೇ ತಂಡ ಮಲೇಷ್ಯಾದ ಒರಾಂಗ್ ಅಸ್ಲಿ ಜನರಿಗೆ ಆಲ್ಬೆಂಡಜೋಲ್ ಕೊಡುವ ಮುಂಚೆ ಮತ್ತು ಆಮೇಲೆ ನೋಡಿದಾಗ ದಿಕ್ಕು ತಿರುಗಿತ್ತು. ಕ್ಲಾಸ್ಟ್ರಿಡಿಯೇಲ್ಸ್ ಇಳಿದು ಬ್ಯಾಕ್ಟೀರಾಯ್ಡೇಲ್ಸ್ ಏರಿತ್ತು. ಇಲಿಯೂ ಮನುಷ್ಯರೂ ಒಂದೇ ಮಾತು ಹೇಳಿದ್ದು ಅಪರೂಪ, ಆದ್ದರಿಂದ ಇದನ್ನು ನಾನು ನಂಬುತ್ತೇನೆ.

ಮಾತ್ರೆ ಕೊಟ್ಟ ಮಾತ್ರಕ್ಕೆ ಹುಳು ಹೋಯಿತು ಅಂತಲೂ ಅಲ್ಲ. ನಮ್ಮ ಅಂಗನವಾಡಿ, ಶಾಲೆಗಳಲ್ಲಿ 2015ರಿಂದ ಫೆಬ್ರವರಿ 10ರಂದು ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಮಕ್ಕಳಿಗೆ ಅಗಿದು ತಿನ್ನಲು ಕೊಡುವ 400 ಮಿಲಿಗ್ರಾಂ ಆಲ್ಬೆಂಡಜೋಲ್ ದುಂಡುಹುಳಕ್ಕೆ ಚೆನ್ನಾಗಿ ಕೆಲಸ ಮಾಡುತ್ತದೆ. ಚಾಟಿಹುಳಕ್ಕೆ ಒಂದೇ ಡೋಸ್ ಅಷ್ಟಾಗಿ ನಾಟುವುದಿಲ್ಲ. ಇಲಿಯಲ್ಲೂ ಔಷಧಿಯ ನಂತರ ಕೆಲವನ್ನು ತೆರೆದು ಎಣಿಸಿ, ಆಮೇಲೆ "ಹುಳು ತೆಗೆದ ಗುಂಪು" ಅಂತ ಹೆಸರಿಡಿ.

ದೋಷ 5: ಇಲಿಗಳು ಸೊರಗುತ್ತಿವೆ

ಮಾಮೂಲಿ ಇಲಿ ಇಷ್ಟು ಹುಳಕ್ಕೆ ಸಾಯುವುದಿಲ್ಲ. ಉರಿಯೂತ ತಗ್ಗಿಸುವ ಐಎಲ್-10 ಪ್ರೋಟೀನು ಇಲ್ಲದ ಇಲಿಯಾದರೆ ಸಾಯುತ್ತದೆ, ಅದೂ ಬೇಗ. ಕೊಲ್ಲುವುದು ಹುಳು ಒಂದೇ ಅಲ್ಲ. ಹುಳು ಕೊರೆದ ಗೋಡೆಯನ್ನು ಐಎಲ್-10 ಇಲ್ಲದೆ ಮುಚ್ಚಲಾಗದೆ ಬ್ಯಾಕ್ಟೀರಿಯಾ ಒಳಗೆ ನುಗ್ಗಿ ಪಿತ್ತಜನಕಾಂಗದವರೆಗೂ ಹೋಗುತ್ತವೆ. ಪಿತ್ತಜನಕಾಂಗದ ತುಂಡನ್ನು ಅರೆದು ಅಗರ್ ಪ್ಲೇಟಿಗೆ ಬಳಿಯಿರಿ, ಮರುದಿನ ಕಾಲೋನಿ ಎದ್ದರೆ ಕಾರಣ ಸಿಕ್ಕಿತು. ಈ ತಳಿಯಲ್ಲಿ ಹುಳದ ಪ್ರಯೋಗ ಮಾಡುವಾಗ ದಿನಾ ತೂಕ ನೋಡಿ, ಎಷ್ಟು ಇಳಿದರೆ ನಿಲ್ಲಿಸಬೇಕು ಅಂತ ಪ್ರಾಣಿ ವೈದ್ಯರ ಜೊತೆ ಮೊದಲೇ ಮಾತಾಡಿಕೊಳ್ಳಿ.

ನಮ್ಮ ಆ ಪ್ರಯೋಗವನ್ನು ಕ್ರಮ ತಿರುಗಿಸಿ ಮತ್ತೆ ಮಾಡಿದೆವು. ಮೊಟ್ಟೆ ಮೊದಲು, ಔಷಧಿ ಹತ್ತು ದಿನ ಬಿಟ್ಟು. ಈ ಸಲ ಎರಡೂ ಗುಂಪಿನಲ್ಲಿ ಹುಳು ಸಿಕ್ಕವು, ಸೀರಮ್ಮಿನಲ್ಲಿ ಐಜಿಜಿ1 ಕೂಡ ಬಂತು. ಬೋರ್ಡ್ ಇನ್ನೂ ಖಾಲಿ ಇದೆ.